ಮಗಳಿಗೆ ಹೇಳಲು ಎಸ್ಸೆಸ್ಸೆಲ್ಸಿ ಮುಗಿಯಬೇಕೇ?

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವರು, ಅಡಿಕೆ ತೋಟ ಇದೆ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಲಿಲ್ಲ. ಹುಬ್ಬಳ್ಳಿಗೆ ಓಡಾಡಿ ಚಿಕಿತ್ಸೆ ಮಾಡಿಸಿ ಸೋತ ಮೇಲೆ ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ‘ಕಾರಾ’ದಲ್ಲಿ ಹೆಸರು ನೋಂದಾಯಿಸಿ, 2019ರಲ್ಲಿ 11 ತಿಂಗಳ ಹೆಣ್ಣುಮಗುವನ್ನು ದತ್ತು ತೆಗೆದುಕೊಂಡೆವು. ಈಗ ಅವಳಿಗೆ ಏಳು ದಾಟಿದೆ. ಊರಿಗೆಲ್ಲ ಗೊತ್ತು, ಅವಳಿಗೆ ಮಾತ್ರ ಹೇಳಿಲ್ಲ. ಮೊನ್ನೆ ಕೊಟ್ಟಿಗೆಯಲ್ಲಿ ಎಮ್ಮೆ ಕರು ಹಾಕಿದ್ದನ್ನು ನೋಡಿ ಬಂದವಳು, ‘ಆಯಿ, ನಾನೂ ನಿನ್ನ ಹೊಟ್ಟೆಯಲ್ಲಿ ಒದೀತಿದ್ನಾ?’ ಅಂದಳು. ಏನೂ ತೋಚದೆ ‘ಹೌದು’ ಅಂದುಬಿಟ್ಟೆ. ಅವತ್ತಿನಿಂದ ನಿದ್ದೆ ಇಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ನೆಂಟರೊಬ್ಬರು ಅವಳ ಎದುರೇ ‘ಇವಳ ಬಣ್ಣ ನಿಮ್ಮ ಕಡೆಯದ್ದಲ್ಲ ಬಿಡು’ ಅಂದರು. ಯಜಮಾನರು ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ ಅನ್ನುತ್ತಾರೆ. ಅತ್ತೆಯವರದು ‘ಈಗೆಂತಕ್ಕೆ ಹೇಳವು? ಸುಮ್ನಿರು’. ಹೆತ್ತವಳು ಎಂದಾದರೂ ಬಂದು ಮಗು ಕೊಡಿ ಎಂದರೆ ಎಂಬ ಹೆದರಿಕೆಯೂ ಇದೆ. ಮಗಳ ಹುಟ್ಟುಹಬ್ಬದ ದಿನ ನನಗೆ ಒಳಗೊಳಗೇ ಅಳು ಬರುತ್ತದೆ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ಹೇಳಿ. ಎಸ್ಸೆಸ್ಸೆಲ್ಸಿಗೂ ಕಾಯಬೇಡಿ, ಮದುವೆಗೂ ಕಾಯಬೇಡಿ, ಈ ತಿಂಗಳೊಳಗೇ ಹೇಳಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ‘ಊರಿಗೆಲ್ಲ ಗೊತ್ತು, ಅವಳಿಗೆ ಮಾತ್ರ ಹೇಳಿಲ್ಲ’ ಎಂಬ ಸಾಲು. ಹಲಸಿನ ಹಪ್ಪಳ ಮಾಡುವ ದಿನ ನಾಲ್ಕು ಮನೆಯ ಹೆಂಗಸರು ಸೇರುತ್ತಾರೆ, ಮಕ್ಕಳು ಹಪ್ಪಳದ ಹಿಟ್ಟು ತಿನ್ನುತ್ತ ಪಕ್ಕದಲ್ಲೇ ಕೂತಿರುತ್ತವೆ. ಮಕ್ಕಳಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ದೊಡ್ಡವರು ಆಡುವ ಮಾತುಗಳೇ ಮಕ್ಕಳ ಕಿವಿಗೆ ಮೊದಲು ಬೀಳುವುದು. ನಿಮ್ಮ ಮಗಳ ಓರಗೆಯ ಮಕ್ಕಳಲ್ಲಿ ಯಾರಿಗೋ ಒಬ್ಬರಿಗೆ ಈ ವಿಷಯ ಈಗಾಗಲೇ ಗೊತ್ತಿದ್ದೀತು. ಶಾಲೆಯ ದಾರಿಯಲ್ಲಿ ಒಂದು ಜಗಳವಾದರೆ ಸಾಕು, ಹೊರಗೆ ಬರುತ್ತದೆ. ಜಾತ್ರೆಯಲ್ಲಿ ಅರ್ಧ ಬಂದೇ ಬಿಟ್ಟಿದೆ.

ನಿಮ್ಮ ಸೀಮೆಯಲ್ಲಿ ತಾಳಮದ್ದಲೆ ಕೇಳದವರು ಕಡಿಮೆ. ಯುದ್ಧ ಇನ್ನೇನು ಶುರುವಾಗಬೇಕು ಎನ್ನುವಾಗ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹುಟ್ಟಿನ ಗುಟ್ಟು ಹೇಳುವ ಭಾಗವನ್ನು ನಿಮ್ಮ ಯಜಮಾನರೂ ಎಷ್ಟೋ ಸಲ ಕೇಳಿರುತ್ತಾರೆ. ಸೂತನ ಮನೆಯಲ್ಲಿ ಬೆಳೆದದ್ದಕ್ಕೆ ಕರ್ಣ ಅಲ್ಲಿ ಸಂಕಟಪಡುವುದಿಲ್ಲ; ರಾಧೆ ಅವನಿಗೆ ಕೊನೆಯವರೆಗೂ ತಾಯಿಯೇ. ಕೃಷ್ಣನಿಗೆ ಬೇಕಾದಾಗ ಕೃಷ್ಣ ಹೇಳಿದ, ಕುಂತಿಗೆ ಬೇಕಾದಾಗ ಕುಂತಿ ಹೇಳಿದಳು. ಕರ್ಣನಿಗೆ ಬೇಕಿದ್ದ ಕಾಲದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಪರೀಕ್ಷೆ ಮುಗಿದ ಮೇಲೆ ಹೇಳುವುದು ಅಪ್ಪನಿಗೆ ಅನುಕೂಲವಷ್ಟೇ. ಹದಿನೈದು–ಹದಿನಾರು ಇದಕ್ಕೆ ತೀರಾ ಕೆಟ್ಟ ವಯಸ್ಸು. ತಾನು ಯಾರು ಎಂಬ ತಳಮಳ ಆಗ ಹೇಗೂ ಇರುತ್ತದೆ. ಅದರ ಮೇಲೆ ಈ ಸುದ್ದಿ ಬಿದ್ದರೆ, ದತ್ತು ಎಂಬುದಕ್ಕಿಂತ ‘ಇಷ್ಟು ವರ್ಷ ಎಲ್ಲರೂ ಸೇರಿ ಸುಳ್ಳು ಹೇಳಿದರು’ ಎಂಬುದೇ ಅವಳನ್ನು ಸುಡುತ್ತದೆ. ಏಳು ವರ್ಷಕ್ಕೆ ಹೇಳಿದರೂ ತಡವೇ, ಆದರೆ ಸರಿಪಡಿಸಬಹುದಾದಷ್ಟು ತಡ.

ಹೇಗೆ ಹೇಳುವುದು? ಇಬ್ಬರೂ ಎದುರು ಕೂರಿಸಿಕೊಂಡು, ಬಾಗಿಲು ಹಾಕಿ, ಗಂಟಲು ಸರಿಮಾಡಿಕೊಂಡು ಶುರುಮಾಡಬೇಡಿ. ಮಗು ಅರ್ಧ ಅಲ್ಲೇ ಹೆದರಿಬಿಡುತ್ತದೆ. ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ಹೇಳಿ. ಅವಳು ನಿಮ್ಮ ಮುಂದೆ ಬೆನ್ನು ಮಾಡಿ ಕೂತಿರುತ್ತಾಳೆ, ನಿಮ್ಮ ಕೈ ಅವಳ ತಲೆಯ ಮೇಲಿರುತ್ತದೆ, ಮುಖ ಮುಖ ನೋಡುವ ಕಷ್ಟ ಇಬ್ಬರಿಗೂ ಇಲ್ಲ. ಯಜಮಾನರು ಅಲ್ಲೇ ಜಗಲಿಯಲ್ಲಿ ಅಡಿಕೆ ಸುಲಿಯುತ್ತಲೋ ಪೇಪರ್ ಓದುತ್ತಲೋ ಇರಲಿ, ಎದ್ದು ಹೋಗದಿದ್ದರೆ ಸಾಕು. ನಿಮ್ಮ ಮನೆಮಾತಿನಲ್ಲೇ ಹೇಳಿ, ಹೆಚ್ಚುಕಡಿಮೆ ಹೀಗೆ:

‘ಅವತ್ತು ನೀನು ಹೊಟ್ಟೆಯಲ್ಲಿ ಒದೀತಿದ್ನಾ ಅಂತ ಕೇಳಿದೆ. ನಾನು ಹೌದು ಅಂದೆ. ಅದು ಸುಳ್ಳು. ನೀನು ನನ್ನ ಹೊಟ್ಟೆಯಲ್ಲಿ ಇರಲಿಲ್ಲ, ಇನ್ನೊಬ್ಬರ ಹೊಟ್ಟೆಯಲ್ಲಿದ್ದೆ. ಅವರಿಗೆ ಆಗ ಯಾವ ಮಗುವನ್ನೂ ಸಾಕೋದಕ್ಕೆ ಆಗ್ತಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳೋ ಮನೆಯಲ್ಲಿ ನೀನಿದ್ದೆ. ನಮಗೆ ಮಗು ಬೇಕಿತ್ತು, ಹೆಸರು ಕೊಟ್ಟು ಕಾಯ್ತಾ ಇದ್ದೆವು. 11 ತಿಂಗಳಾಗಿದ್ದಾಗ ನೀನು ನಮ್ಮ ಮನೆಗೆ ಬಂದೆ. ಅವತ್ತಿನಿಂದ ನಾನು ನಿನ್ನ ಆಯಿ, ಯಾವತ್ತಿಗೂ ನಾನೇ ಆಯಿ.’

ಇಷ್ಟೇ ಸಾಕು. ‘ಅದು ಸುಳ್ಳು’ ಎಂಬುದನ್ನು ಮಾತ್ರ ನುಂಗಬೇಡಿ. ಆಯಿ ಹೇಳಿದ್ದು ತಪ್ಪಾದರೆ ಆಯಿಯೇ ಬಂದು ತಿದ್ದುತ್ತಾಳೆ ಎಂದು ಗೊತ್ತಾದ ಮಗು ಮುಂದೆ ಏನೇ ಇದ್ದರೂ ನಿಮ್ಮ ಹತ್ತಿರವೇ ಕೇಳುತ್ತದೆ.

ಹೇಳಬಾರದ ಮಾತುಗಳೂ ಇವೆ, ಒಳ್ಳೆಯ ಮನಸ್ಸಿನಿಂದಲೇ ಬರುವಂಥವು. ‘ಅವರು ಬಡವರು, ಅದಕ್ಕೆ ಕೊಟ್ಟರು’ ಎಂದರೆ, ಮಳೆಗಾಲದಲ್ಲಿ ತೋಟಕ್ಕೆ ಕೊಳೆ ರೋಗ ಬಂದು ನೀವಿಬ್ಬರೂ ‘ಈ ವರ್ಷ ಕೈಯಲ್ಲಿ ಕಾಸಿಲ್ಲ’ ಎಂದು ಮಾತಾಡಿದ ರಾತ್ರಿ ಅವಳಿಗೆ ನಿದ್ದೆ ಬರುವುದಿಲ್ಲ. ಇನ್ನು ತನ್ನನ್ನು ಕೊಟ್ಟುಬಿಡುತ್ತಾರೇನೋ ಎಂದು. ‘ನಿನ್ನ ಮೇಲೆ ಪ್ರೀತಿ ಇದ್ದದ್ದಕ್ಕೇ ಕೊಟ್ಟರು’ ಎಂದರೆ ಇನ್ನೂ ಗೋಜಲು: ಪ್ರೀತಿ ಇದ್ದವರು ಬಿಟ್ಟುಹೋಗುತ್ತಾರೆ ಎಂದಾಯಿತು, ನೀವೂ ಪ್ರೀತಿಸುವವರೇ. ‘ಇದ್ದ ಮಕ್ಕಳಲ್ಲೆಲ್ಲ ನಿನ್ನನ್ನೇ ಆರಿಸಿ ತಂದೆವು’ ಎನ್ನುವುದಂತೂ ನಿಜವೂ ಅಲ್ಲ. ಕಾರಾದ ವ್ಯವಸ್ಥೆಯಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ಒಂದನ್ನು ಆರಿಸಿಕೊಳ್ಳುವುದಿಲ್ಲ. ನೋಂದಣಿಯ ಹಿರಿತನದ ಮೇಲೆ ಮಗುವಿನ ಫೋಟೊ, ವಿವರ, ವೈದ್ಯಕೀಯ ವರದಿ ಬರುತ್ತವೆ, 48 ಗಂಟೆಯೊಳಗೆ ಒಪ್ಪಿಗೆ ತಿಳಿಸಬೇಕು. ಆ 48 ಗಂಟೆಯಲ್ಲಿ ನಿಮ್ಮ ಮನೆಯಲ್ಲಿ ಏನಾಯಿತು, ಯಾರು ಅತ್ತರು, ಯಾರು ಊಟ ಬಿಟ್ಟರು, ಅತ್ತೆಯವರು ಫೋಟೊ ನೋಡಿ ಏನೆಂದರು, ಅದನ್ನು ಹೇಳಿ. ಮಕ್ಕಳು ಅದನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಾರೆ.

ಹೇಳಿದ ದಿನ ಅವಳು ‘ಹ್ಞೂಂ’ ಎಂದು ಆಡಲು ಓಡಿಹೋದರೆ, ಮುಗಿಯಿತು ಎಂದುಕೊಳ್ಳಬೇಡಿ. ದತ್ತು ಎಂಬುದನ್ನು ಮಕ್ಕಳು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದನ್ನು 1980ರ ದಶಕದಿಂದ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್ಜಿನ್‌ಸ್ಕಿ ಗುರುತಿಸಿದ್ದೂ ಇದನ್ನೇ. ಮೂರು–ನಾಲ್ಕು ವರ್ಷದ ಮಗು ‘ನಾನು ದತ್ತು ಮಗು’ ಎಂದು ಹಾಡಿನಂತೆ ಹೇಳಿಕೊಂಡು ತಿರುಗುತ್ತದೆ, ಒಳಗಿನದು ತಿಳಿದಿರುವುದಿಲ್ಲ. ಆರೇಳು ವರ್ಷದ ಹೊತ್ತಿಗೆ ಲೆಕ್ಕ ಹೊಳೆಯುತ್ತದೆ: ಇವರು ತೆಗೆದುಕೊಳ್ಳಬೇಕಾದರೆ ಯಾರೋ ಕೊಟ್ಟಿರಬೇಕಲ್ಲ? ನಿಮ್ಮ ಮಗಳು ಸರಿಯಾಗಿ ಆ ಹೊಸ್ತಿಲಲ್ಲಿದ್ದಾಳೆ. ಎರಡು ವಾರ ಬಿಟ್ಟು ಬಸ್ಸಿನಲ್ಲಿ, ಎಲ್ಲರೂ ಕೇಳುವಂತೆ, ‘ಅವರ ಹೆಸರೇನು?’ ಎನ್ನಬಹುದು. ಹೋಮ್‌ವರ್ಕ್ ಮಾಡು ಎಂದರೆ ‘ನೀನು ನನ್ನ ಆಯಿ ಅಲ್ಲ’ ಎಂದು ಕಿರುಚಬಹುದು. ಮತ್ತೆ ಹಾಸಿಗೆ ಒದ್ದೆಯಾಗಬಹುದು, ನೀವು ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಕಾಯಬಹುದು. ‘ಅಲ್ಲ’ ಎಂದಾಗ ನೀವು ಅಳುತ್ತ ಕೂತರೆ, ಈ ಮಾತು ಆಯಿಗೆ ನೋವು ಮಾಡುತ್ತದೆ ಎಂದು ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ‘ಸಿಟ್ಟು ಬಂದಿದೆ, ಗೊತ್ತಾಯ್ತು. ಆಯಿ ನಾನೇ. ಹೋಮ್‌ವರ್ಕೂ ಮಾಡಬೇಕು’ ಎನ್ನಿ. ಮುಖ್ಯವಾಗಿ ಆ ಮೂರನೆಯ ವಾಕ್ಯ ಬಿಡಬೇಡಿ. ದತ್ತು ಮಗು ಎಂದು ಶಿಸ್ತು ಸಡಿಲಿಸಿದ ಮನೆಗಳಲ್ಲಿ ಮಗುವಿಗೆ ತಾನು ನೆಂಟರ ಹಾಗೆ ಅನ್ನಿಸತೊಡಗುತ್ತದೆ.

ಇನ್ನು ಅತ್ತೆಯವರು. ಅವರನ್ನು ಹಳೆಯ ಕಾಲದವರು ಎಂದು ಪಕ್ಕಕ್ಕೆ ಸರಿಸಬೇಡಿ. ಈ ವಿಷಯದಲ್ಲಿ ಹಳೆಯ ಕಾಲ ನಮಗಿಂತ ಬಿಚ್ಚುಮನಸ್ಸಿನದ್ದಾಗಿತ್ತು. ಶಿರಸಿ–ಸಿದ್ದಾಪುರ ಸೀಮೆಯಲ್ಲಿ ದಾಯಾದಿಗಳಲ್ಲೇ ದತ್ತಕ ತೆಗೆದುಕೊಳ್ಳುವುದು ಸಾಮಾನ್ಯವಾಗಿತ್ತು. ನಾಲ್ಕು ಜನರೆದುರು ಕೊಟ್ಟು ತೆಗೆದುಕೊಳ್ಳುತ್ತಿದ್ದರು, ಮಗುವಿಗೆ ಎರಡೂ ಮನೆ ಗೊತ್ತಿರುತ್ತಿತ್ತು. ಅದೇನೂ ಮಗುವಿನ ಸುಖಕ್ಕಾಗಿ ಹುಟ್ಟಿದ ಪದ್ಧತಿಯಲ್ಲ ಎಂಬುದೂ ನಿಜ. ಶ್ರಾದ್ಧ ಮಾಡಲು ಮತ್ತು ಆಸ್ತಿ ಉಳಿಯಲು ಗಂಡುಮಗು ಬೇಕಿತ್ತು. ಹೆಣ್ಣುಮಗುವನ್ನು ದತ್ತು ಪಡೆಯಲು ಹಿಂದೂ ಕಾನೂನಿನಲ್ಲಿ ಸ್ಪಷ್ಟ ಅವಕಾಶ ಬಂದದ್ದೇ 1956ರ ಕಾಯ್ದೆಯಿಂದ. ಆದರೆ ಗುಟ್ಟು ಇರಲಿಲ್ಲ. ಆರನೇ ವರ್ಷಕ್ಕೆ ಹಳ್ಳದ ಆಚೆಗಿನ ದೊಡ್ಡಪ್ಪನ ಮನೆಗೆ ದತ್ತಕ ಹೋದ ಹಿರಿಯರೊಬ್ಬರು ನನ್ನ ಹತ್ತಿರ ಮಾತಾಡಿದ್ದುಂಟು. ಹೆತ್ತ ತಾಯಿ ತೀರಿದಾಗ ಅವರಿಗೆ ಮೂರೇ ದಿನ ಸೂತಕ, ಕ್ರಿಯೆಗೆ ಕೂರಲು ಅಧಿಕಾರವಿಲ್ಲ. ಒಡಹುಟ್ಟಿದ ತಮ್ಮ ಕ್ರಿಯೆ ಮಾಡುವಾಗ ಇವರು ಹಿಂದಿನ ಜಗಲಿಯಲ್ಲಿ ಕೂತು ದೊನ್ನೆ ಕಟ್ಟಿಕೊಟ್ಟರಂತೆ. ಎಂಬತ್ತರ ಹತ್ತಿರದ ಮನುಷ್ಯ ಅದನ್ನು ಹೇಳುವಾಗ ಮಾತು ನಿಲ್ಲಿಸಿದರು. ನೋವು ಇಲ್ಲದ ದತ್ತು ಅಂತ ಒಂದಿಲ್ಲ. ಆದರೆ ತಾನು ಯಾರಿಗಾಗಿ ಅಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು. ನಿಮ್ಮ ಅತ್ತೆಯವರ ಬಳಗದಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಕೇಳಿ ನೋಡಿ, ಅವರಿಗೇ ನೆನಪಾಗುತ್ತದೆ. ಮೊಮ್ಮಗಳಿಗೆ ದತ್ತಿನ ಕಥೆಯನ್ನು ಸಹಜವಾಗಿ ಹೇಳಬಲ್ಲವರು ನಿಮ್ಮ ಮನೆಯಲ್ಲಿ ಅವರೇ ಆದಾರು.

ಬಣ್ಣದ ಮಾತಾಡಿದ ನೆಂಟರ ವಿಷಯ ಚುಟುಕಾಗಿ. ‘ಬಣ್ಣ’ ಎಂದವರು ಕೇಳುತ್ತಿರುವುದು ಜಾತಿ. ದತ್ತು ಕೊಡುವಾಗ ಜಾತಿ ನೋಡುವುದಿಲ್ಲ, ನಿಮಗೆ ಗೊತ್ತಿದ್ದರೂ ಹೇಳಬೇಕಾಗಿಲ್ಲ. ನಕ್ಕು ಸುಮ್ಮನಾಗಬೇಡಿ, ಮಗು ನಿಮ್ಮ ಮುಖ ನೋಡುತ್ತಿರುತ್ತದೆ. ‘ಇವಳು ನಮ್ಮ ಮಗಳು. ಅವಳೆದುರು ಈ ಮಾತು ಇನ್ನೊಮ್ಮೆ ಬೇಡ’ ಎಂದು ನಿಮ್ಮ ಯಜಮಾನರೇ ಹೇಳಬೇಕು, ಅವರ ಕಡೆಯ ನೆಂಟರಾದರೆ. ಸಂಬಂಧ ಒಂದೆರಡು ವರ್ಷ ಬಿಗಿಯಾದರೆ ಆಗಲಿ.

ಈಗ ನಿಮ್ಮ ಹೆದರಿಕೆಗೆ ಬರುತ್ತೇನೆ. ಕಾನೂನು ಮೊದಲು. ತಾಯಿ ಮಗುವನ್ನು ಒಪ್ಪಿಸುವುದಾದರೆ ಮಕ್ಕಳ ಕಲ್ಯಾಣ ಸಮಿತಿಯ ಎದುರು ಪತ್ರಕ್ಕೆ ಸಹಿ ಹಾಕಬೇಕು. ಆಮೇಲೆ 60 ದಿನ ಅವಳಿಗೆ ಮನಸ್ಸು ಬದಲಿಸಲು ಅವಕಾಶ. ತೊಟ್ಟಿಲಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಸಿಕ್ಕ ಮಗುವಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹೆತ್ತವರನ್ನು ಹುಡುಕುತ್ತಾರೆ. ಇದೆಲ್ಲ ಮುಗಿದು, ಈ ಮಗುವನ್ನು ದತ್ತು ಕೊಡಬಹುದು ಎಂದು ಸಮಿತಿ ಘೋಷಿಸಿದ ಮೇಲೆಯೇ ನಿಮ್ಮ ಹೆಸರಿಗೆ ಬರುವುದು. ಆಮೇಲೆ ದತ್ತು ಆದೇಶ. 2022ರ ಸೆಪ್ಟೆಂಬರ್‌ನಿಂದ ಅದನ್ನು ಜಿಲ್ಲಾಧಿಕಾರಿ ಕೊಡುತ್ತಾರೆ, ಮೊದಲು ನ್ಯಾಯಾಲಯ ಕೊಡುತ್ತಿತ್ತು, ನಿಮ್ಮದು ನ್ಯಾಯಾಲಯದ ಆದೇಶ ಇರಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಆ ದಿನದಿಂದ ಅವಳು ಎಲ್ಲ ರೀತಿಯಲ್ಲೂ ನಿಮ್ಮ ಮಗಳು. ಮನಸ್ಸು ಬದಲಾಯಿತು ಎಂದು ಯಾರೂ ಬಂದು ಕರೆದುಕೊಂಡು ಹೋಗುವಂತಿಲ್ಲ. (ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ‘ಆಸ್ಪತ್ರೆಯಿಂದ ನೇರವಾಗಿ ಮಗು ಕೊಡಿಸುತ್ತೇವೆ, ಇಷ್ಟು ಖರ್ಚಾಗುತ್ತದೆ’ ಎನ್ನುವವರ ಹತ್ತಿರ ಹೋಗಬೇಡಿ. ಮಗು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆ ಇದೆ. ಮೇಲೆ ಹೇಳಿದ ಯಾವ ರಕ್ಷಣೆಯೂ ನಿಮಗೆ ಸಿಗುವುದಿಲ್ಲ.)

ಕಾನೂನು ಹೇಳಿದರೂ ನಿಮ್ಮ ಹೆದರಿಕೆ ಪೂರ್ತಿ ಹೋಗಲಾರದು. ನಿಮ್ಮ ಕಲ್ಪನೆಯಲ್ಲಿ ಆಕೆ ಒಂದು ದಿನ ಅಂಗಳಕ್ಕೆ ಬಂದು ನಿಲ್ಲುವ ಹೆಂಗಸು. ನಾನು ಕಂಡ ಒಬ್ಬಳ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕರಾವಳಿಯ ಕಡೆಯವಳು, ಸಿಗಡಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹತ್ತೊಂಬತ್ತಕ್ಕೆ ಬಸಿರಾದಳು, ಹುಡುಗ ಗೋವೆಗೆ ಹೋದವನು ಫೋನ್ ಎತ್ತಲಿಲ್ಲ. ಹೆತ್ತು, ಮಗುವನ್ನು ಸಮಿತಿಗೆ ಒಪ್ಪಿಸಿ ಮನೆಗೆ ಬಂದಳು. ಸಹಿ ಹಾಕಿದ್ದು ಕೈ, ಮೈಗೆ ಅದು ತಿಳಿಯಬೇಕಲ್ಲ. ಎದೆ ಕಟ್ಟಿ ಕಲ್ಲಿನ ಹಾಗಾಯಿತು. ಹಾಲು ಬತ್ತಲಿ ಎಂದು ಅಜ್ಜಿ ಮಲ್ಲಿಗೆ ಹೂ ಇಟ್ಟು ಬಟ್ಟೆ ಬಿಗಿದು ಕಟ್ಟಿದಳು, ಕೇಳಿದ ಪಕ್ಕದ ಮನೆಯವರಿಗೆ ‘ಎದೆನೋವು’ ಎಂದು ಹೇಳಿದಳು. ಆ 60 ದಿನಗಳಲ್ಲಿ ಎರಡು ಸಲ ಬಸ್ ಹತ್ತಿ ಹೋಗಿ ಗೇಟಿನ ಹತ್ತಿರದಿಂದಲೇ ವಾಪಸಾಗಿದ್ದಾಳೆ. ಮಗು ಸತ್ತಿದ್ದರೆ ಸೂತಕ ಇತ್ತು, ನಾಲ್ಕು ಜನ ಬಂದು ಕೂತು ಅಳುತ್ತಿದ್ದರು. ಬದುಕಿರುವ ಮಗುವನ್ನು ಕೊಟ್ಟವಳಿಗೆ ಅಳಲು ಒಂದು ದಿನವನ್ನೂ ನಮ್ಮ ಸಮಾಜ ಇಟ್ಟಿಲ್ಲ. ಎಂಟೇ ದಿನಕ್ಕೆ ಸಿಗಡಿ ಬುಟ್ಟಿಯ ಮುಂದೆ ಕೂತಳು.

ಕೆಲವು ವರ್ಷದ ಮೇಲೆ ಮದುವೆಯಾಯಿತು, ಗಂಡನಿಗೆ ಗೊತ್ತಿಲ್ಲ. ಮತ್ತೆ ಬಸಿರಾದಾಗ ತಾಯಿ ಕಾರ್ಡ್ ಬರೆಯುವವರು ಗಂಡನ ಎದುರೇ ‘ಎಷ್ಟನೇ ಹೆರಿಗೆ?’ ಎಂದರು. ‘ಮೊದಲನೇದು’ ಎಂದಳು. ಪರೀಕ್ಷೆ ಮಾಡಿದ ಡಾಕ್ಟರಮ್ಮನಿಗೆ ಗೊತ್ತಾಯಿತು. ಆಕೆ ಪುಣ್ಯಾತ್ಮರು, ಗಂಡನನ್ನು ಹೊರಗೆ ಕಳಿಸಿ ಮಾತಾಡಿಸಿ ನನ್ನ ಹತ್ತಿರ ಕಳಿಸಿದರು. ನನ್ನೆದುರು ಕೂತಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ: ‘ಅದಕ್ಕೆ ನನ್ನ ಮೇಲೆ ಸಿಟ್ಟಿರ್ತದಾ?’ ಮಗು ವಾಪಸ್ ಸಿಗಬಹುದೇ ಎಂದು ಒಂದು ದಿನವೂ ಕೇಳಲಿಲ್ಲ.

ನಿಮ್ಮ ಮಗಳನ್ನು ಹೆತ್ತವಳು ಇವಳಲ್ಲ. ಅವಳ ಕಥೆ ಬೇರೆಯೇ ಇರಬಹುದು, ಅದು ನಿಮಗೂ ನನಗೂ ತಿಳಿಯದೇ ಹೋಗಬಹುದು. ದತ್ತಿನ ಫೈಲಿನಲ್ಲಿ ಇರುವಷ್ಟನ್ನು ಮಗಳಿಗೆ ವಯಸ್ಸಿಗೆ ತಕ್ಕಂತೆ ಹೇಳಿ, ಇಲ್ಲದ್ದಕ್ಕೆ ‘ನನಗೂ ಗೊತ್ತಿಲ್ಲ’ ಎನ್ನಿ. ಆಕೆಯನ್ನು ಕಟುಕಿ ಮಾಡಬೇಡಿ, ತ್ಯಾಗಮಯಿ ದೇವತೆಯನ್ನೂ ಮಾಡಬೇಡಿ. ಕಟುಕಿ ಎಂದರೆ ಮಗು ತನ್ನ ಮೈಯಲ್ಲೂ ಅದೇ ರಕ್ತ ಎಂದು ಯೋಚಿಸುತ್ತದೆ. ದೇವತೆ ಎಂದರೆ, ನೀವು ಗದರಿದ ದಿನವೆಲ್ಲ ಆ ದೇವತೆಯ ಮನೆಯಲ್ಲಿ ಇರುತ್ತಿದ್ದರೆ ಎಂದುಕೊಳ್ಳುತ್ತದೆ.

ಹುಟ್ಟುಹಬ್ಬದ ದಿನ ಬರುವ ಅಳುವಿನ ಬಗ್ಗೆ ಕೇಳಿದ್ದೀರಿ. ಪಾಯಸ ತಿರುವುತ್ತ ನಿಂತಾಗ, ಈ ದಿನವನ್ನು ಇನ್ನೊಬ್ಬಳೂ ಎಣಿಸುತ್ತಿರುತ್ತಾಳೆ ಎಂದು ನಿಮಗೆ ಅನ್ನಿಸುತ್ತಿರಬೇಕು. ಅದು ದೋಷವಲ್ಲ, ನಿಮ್ಮ ತಾಯ್ತನಕ್ಕೆ ಕೊರತೆಯೂ ಅಲ್ಲ. ಆದರೆ ಅದರೊಳಗೆ ಇನ್ನೊಂದು ಅಳುವೂ ಸೇರಿಕೊಂಡಿದೆ ಎಂದು ನನಗನ್ನಿಸುತ್ತದೆ. ಕೊಟ್ಟಿಗೆಯಿಂದ ಬಂದ ಮಗಳು ಕೇಳಿದಾಗ ನಿಮ್ಮ ಬಾಯಿಂದ ಬಂದ ‘ಹೌದು’ ಅವಳಿಗಾಗಿ ಹೇಳಿದ್ದಲ್ಲ. ಒಂದು ಕ್ಷಣ ಅದು ನಿಜವಾಗಿರಲಿ ಎಂದು ನಿಮಗೇ ಬೇಕಿತ್ತು. ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚುಗಳ ಮೇಲೆ ಕಾದ ವರ್ಷಗಳ ದುಃಖ, ಮಗು ಬಂದ ಸಂಭ್ರಮದಲ್ಲಿ ಯಾರಿಗೂ ನೆನಪಾಗದೆ ಉಳಿದುಬಿಟ್ಟಿದೆ. ‘ಈಗ ಮಗು ಬಂತಲ್ಲ’ ಎಂದು ಎಲ್ಲರೂ ಹೇಳಿರುತ್ತಾರೆ. ಮಗು ಬಂದರೂ ಹೊಟ್ಟೆಯಲ್ಲಿ ಹುಟ್ಟದೇ ಹೋದ ಮಗುವಿನ ದುಃಖ ಬೇರೆಯೇ. ಅದನ್ನು ಯಜಮಾನರ ಹತ್ತಿರ ಒಮ್ಮೆಯಾದರೂ ಬಾಯಿಬಿಟ್ಟು ಆಡಿ. ಅವರು ಎಸ್ಸೆಸ್ಸೆಲ್ಸಿ ನೆಪ ಹೇಳುತ್ತಿರುವುದರ ಹಿಂದೆಯೂ ಅದೇ ಇದ್ದೀತು. ಗಂಡಸರಿಗೆ ಮಗುವಿಲ್ಲದ ವರ್ಷಗಳ ಬಗ್ಗೆ ಯಾರೂ ಕೇಳುವುದಿಲ್ಲ. ಇಬ್ಬರಿಗೂ ತಡೆಯಲಾರದಷ್ಟಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕಾರವಾರದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನೂ ಕೇಳಬಹುದು. ದತ್ತು ನಂತರದ ಎರಡು ವರ್ಷದ ಭೇಟಿಗಳು ಮುಗಿದವು ಎಂದ ಮಾತ್ರಕ್ಕೆ ಅವರ ಬಾಗಿಲು ಮುಚ್ಚಿಲ್ಲ.

ಶಾಲೆಯಲ್ಲಿ ಪರಿಸರ ಅಧ್ಯಯನದ ಪಾಠಕ್ಕೆ ಕುಟುಂಬದ ಚಿತ್ರವನ್ನೋ ಹುಟ್ಟಿದಾಗಿನ ಫೋಟೊವನ್ನೋ ತರಲು ಹೇಳುವ ಕಾಲ ಹತ್ತಿರದಲ್ಲೇ ಇದೆ. ಅದಕ್ಕೆ ಮೊದಲು ಟೀಚರಿಗೆ ಒಂದು ಸಾಲು ಹೇಳಿಡಿ, ಹೆಚ್ಚು ವಿವರ ಬೇಡ. ಮದುವೆಯ ಚಿಂತೆಯನ್ನು ಈಗಲೇ ಮಾಡಬೇಡಿ. ಯಾರಿಗೆ ಎಷ್ಟು ಹೇಳಬೇಕು ಎಂಬುದನ್ನು ಆಗ ಅವಳೇ ನಿರ್ಧರಿಸುತ್ತಾಳೆ.

ಕೊನೆಯದಾಗಿ ಆ ಫೈಲು. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ತಿಳಿಯಬೇಕೆಂದರೆ ಅವಳೇ ಅರ್ಜಿ ಹಾಕಬಹುದು, ಅದಕ್ಕೆ ಮೊದಲಾದರೆ ನೀವೂ ಜತೆಗೆ ಸಹಿ ಮಾಡಬೇಕು. ಬೇರೆ ಯಾರೂ ಅವಳ ಪರವಾಗಿ ಹುಡುಕುವಂತಿಲ್ಲ. ತನ್ನ ಗುರುತು ಹೇಳಬೇಡಿ ಎಂದು ಹೆತ್ತವಳು ಒಪ್ಪಿಸುವಾಗಲೇ ಕೇಳಿಕೊಂಡಿದ್ದರೆ ಅವಳ ಒಪ್ಪಿಗೆ ಇಲ್ಲದೆ ಹೇಳುವುದಿಲ್ಲ. ಮಗಳು ಅರ್ಜಿ ಹಾಕಬಹುದು, ಹಾಕದೆಯೂ ಇರಬಹುದು. ಆದರೆ ಆ ಹೊತ್ತಿಗೆ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ದತ್ತು ಆದೇಶ ಕೈಯಲ್ಲಿರಬೇಕು. ‘ವಂಶದಲ್ಲಿ ಯಾರಿಗಾದರೂ ಶುಗರ್ ಇದೆಯಾ’ ಎಂದು ಮುಂದೆ ಡಾಕ್ಟರು ಕೇಳಿದಾಗಲೂ ಅವಳಿಗಿರುವುದು ಅದೊಂದೇ. ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿಸಿ ಇಡಿ, ಮೂಲಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಂಕಿನ ಲಾಕರಿನಲ್ಲಿಡಿ.